ಕಂಬದ ಬಿಳಿ

ನಮ್ಮದ ಗೇಟು, ನಮ್ಮದ ಕಂಬ,
ಎಂಟು ವರ್ಷದಿಂದ ದಿನಾ ನೋಡೂ ಕಂಬ.
ಆದ್ರೂ ನಾ ರಿವರ್ಸ್ ಹಾಕಿದಾಗ ಅದು
ಒಂದು ಗೇಣು ಈಕಡೆ ಬಂದು ನಿಂತಿತ್ತು.
ಸದ್ದು ದೊಡ್ಡದೇನಲ್ಲ,
ಹಪ್ಪಳ ಮುರದಂಗ, ಅಷ್ಟ.

ಇಳಿದು ನೋಡಿದೆ. ಹಿಂದಿನ ಬಂಪರಿಗೆ
ಎಡಕಿನ ಮೂಲ್ಯಾಗ ಮೂರು ಗೆರಿ, ಬೆಕ್ಕು ಪರಚಿದಂಗ.
ಒಂದು ಕಡೆ ಬಣ್ಣ ಚಕ್ಕಿ ಎದ್ದು
ಒಳಗಿನ ಕರಿ ಪ್ಲಾಸ್ಟಿಕ್ ಕಾಣತಿತ್ತು.
ನಮ್ಮನಿಯವರು ಲಗ್ನಕ್ಕಂತ ಸೊಲ್ಲಾಪುರಕ್ಕ ಹೋಗಿದ್ರು,
ಐತವಾರ ಬರವ್ರು. ಅವತ್ತು ಗುರುವಾರ.

ಮಾಳಿಗಿ ಮ್ಯಾಲಿಂದ ಮೈದುನ ಕೂಗಿದ, "ಏನಾತ್ರಿ ವೈನಿ?"
"ಏನಿಲ್ಲೋ, ಡಬ್ಬಿ ಬಿತ್ತು" ಅಂದೆ.
ಅಂಗಳದಾಗ ಎಲ್ಲಿಯ ಡಬ್ಬಿ!
ಸುಳ್ಳು ಹೇಳಾಕ ಸೈತ ರೂಢಿ ಬೇಕು.

ಕಾರವಾರ ರಸ್ತ್ಯಾಗ ದಾವಲಸಾಬನ ಶೆಡ್ಡು.
ಅವನ ಅಪ್ಪ ತಿದಿ ಹೊತಗೊಂಡು ಓಣಿ ಓಣಿ ತಿರುಗಿ
ಹಿತ್ತಾಳಿ ಪಾತೇಲಿಗೆ ಕಲಾಯಿ ಹಾಕತಿದ್ದ.
ನವಸಾಗರದ ಹೊಗಿ ಎದ್ದು, ಅರಿವಿ ಒಂದು ಸುತ್ತು ತಿರುಗಿದ್ರ ಸಾಕು,
ನಮ್ಮವ್ವ ಪಾತೇಲ್ಯಾಗ ಮಾರಿ ನೋಡಿಕೊಂಡು
ಸೆರಗು ಸರಿ ಮಾಡಿಕೊಳ್ಳಾಕಿ.
ಮಗ ಈಗ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡಿತಾನ.

ಬಗ್ಗಿ, ಗೆರಿ ಮ್ಯಾಲೆ ಉಗುರು ಎಳೆದ.
"ಜಾರಿದ್ರ ಪಾಲಿಶ್‌ನಾಗ ಹೋಗತೈತಿ,
ಸಿಗಬಿದ್ರ ಆಳ ಐತಿ ಅಂತ ತಿಳಕೋರಿ."
ಉಗುರು ಸಿಗಬಿತ್ತು.

ಸೋಪಿನ ನೀರು, ನಾಕನೂರರ ಪಾಲಿಶ್ ಪೇಪರು.
ಬಿಳಿ ಹೋತು, ಬೂದಿಬಣ್ಣ ಬಂತು.
ಬೂದಿ ಹೋತು, ಹಳದಿ ಪುಟ್ಟಿ ಬಂತು.
ಅವನ ಕೈ ಅಲ್ಲೇ ನಿಂತಿತು.

ಕಂಪನ್ಯಾಗ ಪುಟ್ಟಿ ಹಾಕೂದಿಲ್ಲ.
ದಾವಲಸಾಬ ಇದನ್ನ ಹೇಳತಿರಲಿಲ್ಲ. ಗೌಸ್ಯಾ ಹೇಳಿದ.
ಗಾಜಿಗೆ ಟೇಪು ಹಚ್ಚೂದು ಕಲಿತಾನ,
ಬಾಯಿಗೆ ಹಚ್ಚೂದು ಇನ್ನೂ ಕಲಿತಿಲ್ಲ.
"ಚಾಚಾ, ಇದು ನಿಮ್ಮ ಕೈಯಾಂದ ಅಲ್ಲೇನು?"

"ಗಾಡಿ ನಾವು ಹೊಸಾದ ತಗೊಂಡೇವಿ" ಅಂದೆ.
"ಇಲ್ಲಿಗೆ ಯಾರು ತಂದಿದ್ರು?"
ದಾವಲಸಾಬ ಮಗ್ಗಿಂದ ನೀರು ಹನಿಸಿದ.
"ಗಿರಾಕಿ ತಂದಿದ್ದರಿ."
"ಯಾವ ಗಿರಾಕಿ?"
"ಬಿಳಿ ಗಾಡ್ಯಾಂವ."
ಹುಬ್ಬಳ್ಳ್ಯಾಗ ಅರ್ಧಕ್ಕರ್ಧ ಬಿಳಿ ಗಾಡಿನ.

ಬಣ್ಣ ಕಲಸಾಕ ಕುಂತ.
ಬಿಳಿಗೆ ಬಿಳಿ ಹಚ್ಚಿದ್ರಾತಲ್ಲ ಅಂದ್ರ ನಕ್ಕ.
ಡಬ್ಬ್ಯಾಗಿನ ಬಿಳಿ ಬ್ಯಾರೆ, ಬಿಸಲಾಗ ನಿಂತ ಬಿಳಿ ಬ್ಯಾರೆ.
ಕಡ್ಡಿ ತುದೀಲೆ ಒಂದು ಹನಿ ಹಳದಿ,
ಸೂಜಿಮೊನಿಯಷ್ಟು ಕರಿ,
ತಗಡಿನ ತುಣುಕಿಗೆ ಹಚ್ಚಿ ಡಿಕ್ಕಿ ಬಾಜು ಹಿಡಿದು ನೋಡಿದ.
ಅಲ್ಲ.
ಮತ್ತೊಂದು ಹನಿ. ಅಲ್ಲ.
ನಮ್ಮ ಗಾಡಿ ಇಷ್ಟು ಹಳದಿ ಆಗೇತಿ ಅಂತ
ನನಗ ಅವತ್ತ ತಿಳೀತು.

ದೂಳು ಏಳಬಾರದಂತ ನೆಲಕ್ಕ ನೀರು ಹೊಡೆದು, ಪರದೆ ಬಿಟ್ರು.
ಒಳಗ ಗನ್ನು ಸುಯ್ಯ್ ಅಂತು.
ಒಂದು ಕೈ, ಆರಲಿ. ಎರಡು ಕೈ, ಆರಲಿ. ಮ್ಯಾಲೆ ಲ್ಯಾಕರು.
ನಾನು ಹೊರಗ ತಾಡಪತ್ರಿ ನೆಳ್ಳಾಗ ಎರಡು ಚಾ ಕುಡಿದೆ,
ಎರಡು ವರ್ಷ ಹಿಂದಕ್ಕ ಎಣಿಸಿದೆ.
ಆವಾಗ ಸರ್ವಿಸಿಂಗ್ ಅಂತ ಎರಡು ದಿನ ಗಾಡಿ ಮನಿಗೆ ಬಂದಿರಲಿಲ್ಲ.
ಅದ ವಾರ ಅವರು ನನ್ನ ಗೇಟಿನಾಗ ನಿಲ್ಲಿಸಿ
ಗಾಡಿ ಹಿಂದ ಹೆಂಗ ತಗೀಬೇಕಂತ
ಒಂದು ತಾಸು ಪಾಠ ಹೇಳಿದ್ರು.

ಶನಿವಾರ ಸಂಜಿಗೆ ತಂದು ನಿಲ್ಲಿಸಿದೆ.
ಮೈದುನ ಒಂದು ಸುತ್ತು ಹಾಕಿದ, ಏನೂ ಸಿಗಲಿಲ್ಲ.
"ಗಾಡಿ ತೊಳಸೀರೇನ್ರಿ ವೈನಿ?"

ಐತವಾರ ಮುಂಜಾನೆ ಇವರು ಬಂದ್ರು.
ಬ್ಯಾಗು ಕಟ್ಟಿ ಮ್ಯಾಲಿಟ್ಟು, ಬಂಪರ್ ಕಡೆ ನೋಡಲಿಲ್ಲ,
ಸೀದಾ ಹೋಗಿ ಕಂಬದ ಮುಂದ ನಿಂತ್ರು.
ಮೊಣಕಾಲೆತ್ತರದಾಗ ಹಳೇ ಬಿಳಿ ಒಂದಿತ್ತು,
ಸುಣ್ಣ ಅಂತ ತಿಳದಿದ್ದೆ.
ಅದರ ಮ್ಯಾಲೆ ನಂದು.

ಹೆಬ್ಬೆರಳಿಂದ ಒಮ್ಮೆ ಒರಸಿ ನೋಡಿದ್ರು.
"ಎಷ್ಟ ತಗೊಂಡ?"
"ಎರಡೂವರಿ ಸಾವಿರ."
"ನನ್ನ ಕಡಿಂದ ಮೂರು ತಗೊಂಡಿದ್ದ."